ಎರಡನೇ ರೂಟರ್ ಜೋಡಿಸಿದರೆ ಮನೆಯ ಕೇಬಲ್ ಜಾಲದ ವೇಗ ಹೆಚ್ಚುತ್ತದೆಯೇ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಮನೆಗೆ 200 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಮಹಡಿಯ ಕೋಣೆಯ ಡೆಸ್ಕ್‌ಟಾಪ್ ಮತ್ತು ಮನೆಯವರ ಫೋಟೊ, ವಿಡಿಯೊಗಳನ್ನು ತುಂಬಿಟ್ಟಿರುವ ಹಾಲ್‌ನ ನಾಸ್ (ಜಾಲದ ಮೂಲಕ ಫೈಲ್‌ಗಳನ್ನು ಕೊಡುವ ಡಿಸ್ಕ್ ಪೆಟ್ಟಿಗೆ), ಎರಡೂ ಕಂಪನಿಯವರು ಕೊಟ್ಟ ಮೋಡೆಮ್‌ಗೆ ಕೇಬಲ್‌ನಲ್ಲಿಯೇ ಸೇರಿವೆ. ಆದರೂ ಫೈಲ್ ಕಾಪಿ ಮಾಡುವಾಗ ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ, ಇಂಟರ್ನೆಟ್ ಸ್ಪೀಡ್ ಟೆಸ್ಟ್ ಕೂಡ 94ರ ಹತ್ತಿರ ನಿಂತುಬಿಡುತ್ತದೆ. ಇನ್ನೊಂದು ರೂಟರ್ ಸೇರಿಸಿದರೆ ಇದು ಸರಿಹೋಗುವುದೇ ಎಂಬುದು ನಿಮ್ಮ ಸಂದೇಹ. ಸರಿಯಾದ ಸಾಧನವನ್ನು ಸರಿಯಾದ ಜಾಗದಲ್ಲಿ ಜೋಡಿಸಿದರೆ ಕಾಪಿಯ ವೇಗ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಇಂಟರ್ನೆಟ್ ವೇಗದ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ನೀವು ಕೊಟ್ಟಿರುವ ಎರಡು ಅಂಕಿಗಳು ವಾಸ್ತವವಾಗಿ ಒಂದೇ ಅಂಕಿ. ಎಂಬಿಪಿಎಸ್ ಎಣಿಸುವುದು ಬಿಟ್‌ಗಳನ್ನು, ಎಂಬಿ ಎಣಿಸುವುದು ಎಂಟು ಬಿಟ್‌ಗಳ ಬೈಟ್‌ಗಳನ್ನು, ಆದ್ದರಿಂದ ನೂರು ಎಂಬಿಪಿಎಸ್ ಪೋರ್ಟಿನ ವೇಗವನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ ಬರುತ್ತದೆ. ಪ್ರತಿ ಪ್ಯಾಕೆಟ್‌ಗೂ ಅಂಟಿಕೊಂಡಿರುವ ವಿಳಾಸ ಮುಂತಾದ ಮಾಹಿತಿಯ ಭಾರ ಕಳೆದರೆ ನಮ್ಮ ಕೈಗೆ ಸಿಗುವುದು 94 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 11ರಿಂದ 12 ಎಂಬಿ. ವೈಫೈ ಆಗಿದ್ದರೆ ಅಂಕಿ ಏರಿಳಿಯುತ್ತಿತ್ತು. ಕೇಬಲ್‌ನಲ್ಲಿ ಹೀಗೆ ಒಂದೇ ಮಟ್ಟದಲ್ಲಿ ನಿಂತಿದೆಯೆಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನೂರರ ಸಂಪರ್ಕವಿದೆಯೆಂದೇ ತಿಳಿಯಬೇಕು. ಆ ಮಾನದಂಡ 1995ರದು. ಮಾಮೂಲಿ ತಾಮ್ರದ ಕೇಬಲ್ ಮೇಲೆ ಗಿಗಾಬಿಟ್ (1000 ಎಂಬಿಪಿಎಸ್) ಓಡಿಸುವ ಮಾನದಂಡ 1999ರಲ್ಲಿಯೇ ಬಂದರೂ, ಬೆಲೆ ತಗ್ಗಿಸಲು ಇಂದಿಗೂ ಅನೇಕ ಮೋಡೆಮ್‌ಗಳಿಗೆ ನೂರರ ಪೋರ್ಟುಗಳನ್ನೇ ಹಾಕುತ್ತಾರೆ.

ಹಾಗೆಂದು ತಕ್ಷಣ ಅಂಗಡಿಗೆ ಹೋಗಬೇಡಿ, ಏಕೆಂದರೆ ಇದೇ ಲಕ್ಷಣ ಕೇಬಲ್ ದೋಷದಿಂದಲೂ ಬರುತ್ತದೆ. ನೂರರ ವೇಗಕ್ಕೆ ಕೇಬಲ್‌ನ ಎಂಟು ತಂತಿಗಳಲ್ಲಿ ನಾಲ್ಕು, ಅಂದರೆ 1, 2, 3 ಮತ್ತು 6ನೇ ಪಿನ್ನುಗಳವು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಕ್ರಿಂಪ್ (ತಂತಿಯನ್ನು ಕನೆಕ್ಟರಿಗೆ ಒತ್ತಿ ಕೂರಿಸುವುದು) ಸರಿಯಾಗದೆ ಸಡಿಲವಾಗಿದ್ದರೂ ಎರಡು ತುದಿಯ ಸಾಧನಗಳು ಯಾವ ದೂರನ್ನೂ ಹೇಳದೆ ನೂರಕ್ಕೆ ಇಳಿದು ಕೆಲಸ ಮಾಡುತ್ತಿರುತ್ತವೆ. ಮನೆ ಕಟ್ಟುವಾಗ ಒಂದೇ ಕೇಬಲ್‌ನ ತಂತಿಗಳನ್ನು ಹಂಚಿ ಎರಡು ಸಾಕೆಟ್ ಮಾಡಿರುವುದೂ ಉಂಟು. ಆದ್ದರಿಂದ ಮೊದಲು ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ (ಲಿನಕ್ಸ್ ಆದರೆ ಈಥ್‌ಟೂಲ್ ಆದೇಶ ಅದನ್ನೇ ತೋರಿಸುತ್ತದೆ). ಅಲ್ಲಿ 100 ಎಂದಿದ್ದರೆ ಡೆಸ್ಕ್‌ಟಾಪನ್ನು ಒಮ್ಮೆ ಕೆಳಗೆ ತಂದು, ಚಿಕ್ಕದಾದ ಒಳ್ಳೆಯ ಕೇಬಲ್‌ನಿಂದ ಮೋಡೆಮ್‌ನ ಅದೇ ಪೋರ್ಟಿಗೆ ಜೋಡಿಸಿ. ಆಗ 1000 ಎಂದು ಕಂಡರೆ ದೋಷ ಗೋಡೆಯೊಳಗಿನ ಕೇಬಲ್‌ನಲ್ಲಿದೆ. ಎರಡೂ ತುದಿಯ ಕನೆಕ್ಟರ್‌ಗಳನ್ನು ಹೊಸದಾಗಿ ಹಾಕಿಸಿದರೆ ಬಹುಪಾಲು ಸರಿಹೋಗುತ್ತದೆ, ರೂಟರ್ ಬೇಕಾಗುವುದಿಲ್ಲ. ನಾಸ್‌ನ ಕೇಬಲನ್ನೂ ಹೀಗೆಯೇ ಪರೀಕ್ಷಿಸಿ. ಕೇಬಲ್ ಬದಲಿಸಲೇಬೇಕಾದರೆ ಕ್ಯಾಟ್ 5ಇ ಕೂಡ ನೂರು ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಆದರೆ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲನ್ನು ಮಾತ್ರ ತರಬೇಡಿ.

ಚಿಕ್ಕ ಕೇಬಲ್‌ನಲ್ಲಿಯೂ 100 ಎಂದೇ ತೋರಿಸಿದರೆ, ಡೆಸ್ಕ್‌ಟಾಪ್‌ನ ಪೋರ್ಟ್ ಗಿಗಾಬಿಟ್ ಆಗಿದ್ದ ಪಕ್ಷದಲ್ಲಿ, ಮಿತಿ ಮೋಡೆಮ್‌ನದೇ. ಇಲ್ಲಿ ಎರಡನೇ ಸಾಧನ ಉಪಯೋಗಕ್ಕೆ ಬರುತ್ತದೆ. ರೂಟರಿನ ಲ್ಯಾನ್ ಪೋರ್ಟುಗಳನ್ನು, ಅಂದರೆ ಮನೆಯ ಯಂತ್ರಗಳನ್ನು ಸೇರಿಸುವ ಪೋರ್ಟುಗಳನ್ನು, ಒಳಗಡೆ ಒಂದು ಸ್ವಿಚ್ ಚಿಪ್ ಒಂದಕ್ಕೊಂದು ಸೇರಿಸಿರುತ್ತದೆ. ಅದೇ ಚಿಪ್‌ಗೆ ಸೇರಿದ ಎರಡು ಯಂತ್ರಗಳ ನಡುವಿನ ಸಂಚಾರ ಅಲ್ಲಿಂದಲೇ ತಿರುಗಿ ಹೋಗುತ್ತದೆಯೇ ಹೊರತು ಮೋಡೆಮ್‌ವರೆಗೆ ಹೋಗುವುದಿಲ್ಲ. ಹೊಸ ಸಾಧನದಿಂದ ಮೋಡೆಮ್‌ಗೆ ಹೋಗುವ ಕೇಬಲ್ ನೂರರದೇ ಆಗಿದ್ದರೂ ಫೈಲ್ ಕಾಪಿಗೆ ಅದರಿಂದ ಅಡ್ಡಿಯಿಲ್ಲ. ಆದರೆ ಡೆಸ್ಕ್‌ಟಾಪ್ ಮತ್ತು ನಾಸ್ ಎರಡನ್ನೂ ಹೊಸದಕ್ಕೇ ಸ್ಥಳಾಂತರಿಸಬೇಕು. ಒಂದನ್ನು ಹಳೆಯ ಮೋಡೆಮ್‌ನಲ್ಲಿಯೇ ಬಿಟ್ಟರೆ ಖರ್ಚು ಮಾಡಿದ ಹಣಕ್ಕೆ ಅದೇ 11 ಎಂಬಿ ಸಿಗುತ್ತದೆ.

ಈ ಕೆಲಸಕ್ಕೆ ನಿಜವಾಗಿ ಬೇಕಾಗಿರುವುದು ರೂಟರ್ ಅಲ್ಲ, ಐದು ಪೋರ್ಟಿನ ಸಾಧಾರಣ ಗಿಗಾಬಿಟ್ ಸ್ವಿಚ್ (ಕೇಬಲ್‌ನಲ್ಲಿರುವ ಯಂತ್ರಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆ) ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಯಾವ ಸೆಟ್ಟಿಂಗ್ಸೂ ಇಲ್ಲ, ಬೆಲೆಯೂ ಒಳ್ಳೆಯ ರೂಟರಿಗಿಂತ ಕಡಿಮೆ. ಮನೆಯಲ್ಲಿ ಗಿಗಾಬಿಟ್ ಪೋರ್ಟುಗಳ ಹಳೆಯ ರೂಟರ್ ಬಿದ್ದಿದ್ದರೆ, ಅಥವಾ ವೈಫೈ ಕೂಡ ಸುಧಾರಿಸಬೇಕಿದ್ದರೆ ರೂಟರ್ ಆರಿಸಿಕೊಳ್ಳಿ. ಕೊಳ್ಳುವಾಗ ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾದ 1200ಕ್ಕೆ ಮರುಳಾಗಬೇಡಿ: ಅದು ವೈಫೈಯ ಎರಡು ಬ್ಯಾಂಡುಗಳ 300 ಮತ್ತು 867ನ್ನು ಕೂಡಿಸಿ ದುಂಡಾಗಿಸಿದ ಅಂಕಿ, ಕೇಬಲ್ ಪೋರ್ಟಿಗೂ ಅದಕ್ಕೂ ಸಂಬಂಧವಿಲ್ಲ. ಟಿಪಿ-ಲಿಂಕ್‌ನ ಆರ್ಚರ್ ಸಿ50 ಮತ್ತು ಸಿ6 ಎರಡೂ ಆ 1200ರ ವರ್ಗದವೇ. ಸಿ50ಯ ಪೋರ್ಟುಗಳು ನೂರರವು, ಸಿ6ರವು ಗಿಗಾಬಿಟ್. ವಿವರಗಳ ಪಟ್ಟಿಯಲ್ಲಿ 10/100/1000 ಎಂದು ಪೋರ್ಟಿನ ಸಾಲಿನಲ್ಲೇ ಇರಬೇಕು.

ರೂಟರನ್ನು ಜೋಡಿಸುವ ಕ್ರಮ ಮುಖ್ಯ. ಮೋಡೆಮ್‌ಗೆ ಸೇರಿಸುವ ಮೊದಲು ಹೊಸ ರೂಟರಿಗೆ ಡೆಸ್ಕ್‌ಟಾಪನ್ನು ಮಾತ್ರ ಜೋಡಿಸಿ ಅದರ ಸೆಟ್ಟಿಂಗ್ಸ್ ತೆರೆಯಿರಿ. ಆಕ್ಸೆಸ್ ಪಾಯಿಂಟ್ ಮೋಡ್ (ಹೊಸ ಜಾಲ ಮಾಡದೆ ಇರುವ ಜಾಲವನ್ನೇ ಮುಂದುವರಿಸುವ ವಿಧಾನ) ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಇಲ್ಲದಿದ್ದರೆ ಅದರ ಲ್ಯಾನ್ ಐಪಿಯನ್ನು (ಮನೆಯ ಜಾಲದಲ್ಲಿ ಅದರ ವಿಳಾಸ) ಮೋಡೆಮ್‌ನದೇ ಸಾಲಿನ, ಆದರೆ ಬೇರೆ ಯಾರಿಗೂ ಹಂಚಿಕೆಯಾಗದ ವಿಳಾಸಕ್ಕೆ ಬದಲಿಸಿ, ಮೋಡೆಮ್ 192.168.1.1 ಆಗಿದ್ದು ಅದರ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಹಂಚಿಕೆ 192.168.1.100ರಿಂದ ಆರಂಭವಾಗುತ್ತಿದ್ದರೆ 192.168.1.2 ಇಡಬಹುದು. ಬಳಿಕ ಹೊಸ ರೂಟರಿನ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಮೋಡೆಮ್‌ನ ಲ್ಯಾನ್ ಪೋರ್ಟಿನಿಂದ ಹೊಸದರ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ, ವ್ಯಾನ್ ಪೋರ್ಟನ್ನು (ಇಂಟರ್ನೆಟ್ ಬರುವ ಕಡೆಯದು) ಖಾಲಿ ಬಿಡಿ. ಹೀಗೆ ಮಾಡದೆ ಮಾಮೂಲಿನಂತೆ ವ್ಯಾನ್ ಪೋರ್ಟಿಗೆ ಜೋಡಿಸಿದರೆ ಮನೆಯೊಳಗೆ ಎರಡು ಪ್ರತ್ಯೇಕ ಜಾಲಗಳಾಗಿ, ಮೋಡೆಮ್‌ನ ವೈಫೈಯಲ್ಲಿರುವ ಫೋನು, ಟಿವಿಗಳಿಗೆ ನಾಸ್ ಕಾಣದಂತಾಗುತ್ತದೆ. ಎರಡು ಸಾಧನಗಳ ನಡುವೆ ಒಂದೇ ಕೇಬಲ್ ಇರಲಿ. ವೇಗ ಹೆಚ್ಚಲಿ ಎಂದು ಎರಡನೆಯದನ್ನೂ ಹಾಕಿದರೆ ಪ್ಯಾಕೆಟ್‌ಗಳು ಸುತ್ತುತ್ತಲೇ ಇದ್ದು ಇಡೀ ಜಾಲ ಸ್ತಬ್ಧವಾಗಬಹುದು.

ಇನ್ನು ಇಂಟರ್ನೆಟ್. ಕೆಲವು ಮೋಡೆಮ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಆಗಿದ್ದು ಉಳಿದವು ನೂರರವಾಗಿರುತ್ತವೆ. ಪೋರ್ಟಿನ ಪಕ್ಕ ಜಿಇ (ಗಿಗಾಬಿಟ್), ಎಫ್‌ಇ (ನೂರರದು) ಎಂಬ ಇಂಗ್ಲಿಷ್ ಅಕ್ಷರಗಳಿವೆಯೇ ಎಂದು ನೋಡಿ, ಜಿಇ ಇದ್ದರೆ ಹೊಸ ಸಾಧನದ ಕೇಬಲನ್ನು ಅಲ್ಲಿಗೇ ಹಾಕಿ. ಅಂಥ ಪೋರ್ಟ್ ಇಲ್ಲವೇ ಇಲ್ಲವೆಂದಾದರೆ, ಎಷ್ಟು ದುಬಾರಿ ರೂಟರ್ ತಂದರೂ ಆ ಮೋಡೆಮ್‌ನ ಕೇಬಲ್‌ನಿಂದ ಬರುವ ಇಂಟರ್ನೆಟ್ 94ನ್ನು ದಾಟದು. ನೀವು ಹಣ ಕೊಡುತ್ತಿರುವುದು 200ಕ್ಕಾದ್ದರಿಂದ ಮೋಡೆಮ್ ಬದಲಿಸಿಕೊಡುವಂತೆ ಕಂಪನಿಯನ್ನು ಕೇಳುವುದು ನ್ಯಾಯವೇ.

ಎಲ್ಲ ಮುಗಿದ ಮೇಲೆ ನಾಸ್‌ನಲ್ಲಿಯೂ ಡೆಸ್ಕ್‌ಟಾಪ್‌ನಲ್ಲಿಯೂ ಐಪರ್ಫ್3 ಎಂಬ ಜಾಲದ ವೇಗದ ತಂತ್ರಾಂಶ ಹಾಕಿ ಅಳೆಯಿರಿ. 940 ಎಂಬಿಪಿಎಸ್ ಆಸುಪಾಸು ಬಂದರೆ ಜಾಲ ಸರಿಯಾಗಿದೆ, ಕಾಪಿಯ ವೇಗ 110 ಎಂಬಿ ಮುಟ್ಟಬೇಕು. ಜಾಲ 940 ತೋರಿಸಿದರೂ ಕಾಪಿ 30–40ರಲ್ಲೇ ನಿಂತರೆ ಡಿಸ್ಕ್ ಯುಎಸ್‌ಬಿ 2.0 ಮೂಲಕ ಸೇರಿದೆಯೇ ಎಂದು ನೋಡಿ. ಟಿವಿಯ ಲಿಂಕ್ 100 ಎಂದು ಕಂಡರೆ ಚಿಂತಿಸಬೇಡಿ, ಬಹಳಷ್ಟು ಟಿವಿಗಳ ಪೋರ್ಟೇ ಅಷ್ಟು, ಇಂಟರ್ನೆಟ್‌ನಿಂದ 4ಕೆ ಚಿತ್ರ ನೋಡಲು 25 ಎಂಬಿಪಿಎಸ್ ಸಾಕು.

ಕರೆಂಟ್ ಹೋದಾಗಲೂ ನಡೆಯಬೇಕೆಂದು ಹೊಸ ಸಾಧನವನ್ನು ಮೋಡೆಮ್‌ನ ಮಿನಿ ಯುಪಿಎಸ್‌ಗೆ ಸೇರಿಸುವುದಾದರೆ ಹೊಸ ಸಾಧನದ ತಳದಲ್ಲಿ ಬರೆದಿರುವ ವೋಲ್ಟೇಜ್ ಓದಿಯೇ ಸೇರಿಸಿ. ಮೋಡೆಮ್ ಸಾಮಾನ್ಯವಾಗಿ 12 ವೋಲ್ಟಿನದು, ಚಿಕ್ಕ ಸ್ವಿಚ್‌ಗಳಲ್ಲಿ 5 ವೋಲ್ಟಿನವೂ ಇವೆ, ಪಿನ್ನು ಮಾತ್ರ ಎರಡಕ್ಕೂ ಹೊಂದಿಬಿಡಬಹುದು. ಅಡಾಪ್ಟರುಗಳಿಗೆ ಈಗಲೇ ಹೆಸರಿನ ಚೀಟಿ ಅಂಟಿಸಿಡಿ.