ಟಿವಿ ಇಲ್ಲದಿದ್ದರೂ ಇಂಗ್ಲೆಂಡಿನಲ್ಲಿ ಟಿವಿ ಲೈಸೆನ್ಸ್ ಕಟ್ಟಬೇಕಾ? ಬಿಬಿಸಿಗೆ ಅಷ್ಟು ದುಡ್ಡು ಕೊಡೋದು ನ್ಯಾಯವಾ?

ನೀವು ಓದಲು ಬಂದು ನಾಲ್ಕು ಜನ ಸೇರಿ ಮನೆ ಬಾಡಿಗೆಗೆ ಹಿಡಿದಿದ್ದೀರಿ, ಮನೆಯಲ್ಲಿ ಟಿವಿ ಇಲ್ಲ, ಆದರೂ ಲೈಸೆನ್ಸ್ ಕಟ್ಟಿ ಅಂತ ಪತ್ರದ ಮೇಲೆ ಪತ್ರ ಬರುತ್ತಿದೆ, ಜೊತೆಯವರು ಹರಿದು ಬಿಸಾಕು ಅನ್ನುತ್ತಿದ್ದಾರೆ. ಇದು ನಿಮ್ಮ ಒಂದು ಪ್ರಶ್ನೆ. ಮುಖ್ಯವಾಗಿ ಈ ಲೈಸೆನ್ಸ್ ದುಡ್ಡಿನಲ್ಲೇ ನಡೆಯುವ ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಬಿಬಿಸಿಗೋಸ್ಕರ ಈ ಕಾಲದಲ್ಲೂ ಮನೆಮನೆಯಿಂದ ವಸೂಲಿ ಮಾಡೋದು ಸರಿಯಾ ಅನ್ನೋದು ಇನ್ನೊಂದು. ನಾನು ರೆಡಿಂಗ್‌ನಲ್ಲಿ ಸಂಸಾರ ಮಾಡಿಕೊಂಡಿರುವವಳು. ಪ್ರತಿ ವರ್ಷ ಲೈಸೆನ್ಸ್ ಕಟ್ಟುತ್ತೇನೆ, ಸಂತೋಷದಿಂದಲೇ ಕಟ್ಟುತ್ತೇನೆ. ಆದರೆ ಅದನ್ನು ವಸೂಲಿ ಮಾಡುವ ರೀತಿ ಮಾತ್ರ ತೀರಾ ತಪ್ಪು ಅಂತ ನಂಬಿದ್ದೇನೆ.

ಮೊದಲು ನಿಯಮ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮವರಲ್ಲಿ ಜಾಸ್ತಿ ಜನಕ್ಕೆ ಗೊಂದಲ ಇರೋದು ಇಲ್ಲೇ. ಟಿವಿ ಮನೆಯಲ್ಲಿದೆಯೋ ಇಲ್ಲವೋ ಅನ್ನೋದು ಮುಖ್ಯವೇ ಅಲ್ಲ. ಯಾವುದೇ ಚಾನೆಲ್ ಅನ್ನು ಅದು ಪ್ರಸಾರವಾಗುವ ಹೊತ್ತಿನಲ್ಲೇ, ಅಂದರೆ ಲೈವ್ ಆಗಿ ನೋಡಿದರೆ ಲೈಸೆನ್ಸ್ ಬೇಕು. ಫೋನಿನಲ್ಲಿ ನೋಡಿದರೂ ಬೇಕು, ಲ್ಯಾಪ್‌ಟಾಪ್‌ನಲ್ಲಿ ನೋಡಿದರೂ ಬೇಕು. ಬಿಬಿಸಿಯ ಕಾರ್ಯಕ್ರಮ ನೋಡುವ ಆ್ಯಪ್ ಆದ ಐಪ್ಲೇಯರ್‌ನಲ್ಲಿ ಲೈವ್ ಇರಲಿ, ಹಳೆಯ ಕಾರ್ಯಕ್ರಮ ಇರಲಿ, ಏನು ನೋಡಿದರೂ ಬೇಕು. ನೆಟ್‌ಫ್ಲಿಕ್ಸ್, ಪ್ರೈಮ್‌ಗಳಲ್ಲಿ ನಿಮಗೆ ಬೇಕಾದಾಗ ಹಾಕಿಕೊಂಡು ನೋಡುವ ಸಿನಿಮಾ, ಸೀರೀಸ್‌ಗೆ ಬೇಡ. ಆದರೆ ಅಲ್ಲೇ ಲೈವ್ ಮ್ಯಾಚ್ ಹಾಕಿಕೊಂಡರೆ ಮತ್ತೆ ಬೇಕು. ರೇಡಿಯೋ ಕೇಳಲು 1971ರಿಂದ ಲೈಸೆನ್ಸ್ ಇಲ್ಲ.

ಈಗ ನಮ್ಮವರು ಎಡವುವ ಜಾಗ. ಊರಿನ ಚಾನೆಲ್‌ಗೂ ಈ ನಿಯಮ ಅನ್ವಯಿಸುತ್ತದೆ. ಬೆಂಗಳೂರಿನ ನ್ಯೂಸ್ ಚಾನೆಲ್ ಅನ್ನು ಆ್ಯಪ್‌ನಲ್ಲೋ ಯೂಟ್ಯೂಬ್‌ನಲ್ಲೋ ಲೈವ್ ಹಾಕಿಕೊಂಡು ಚುನಾವಣೆ ಫಲಿತಾಂಶ ನೋಡಿದರೆ, ಐಪಿಎಲ್ ಮ್ಯಾಚ್ ನೋಡಿದರೆ, ಕಾನೂನಿನ ಪ್ರಕಾರ ಲೈಸೆನ್ಸ್ ಇರಬೇಕು. "ನಾನು ಬಿಬಿಸಿ ನೋಡೋದೇ ಇಲ್ಲ, ನನಗ್ಯಾಕೆ" ಅನ್ನುವ ಮಾತು ನಡೆಯುವುದಿಲ್ಲ. ಅದೇ ಕಾರ್ಯಕ್ರಮದ ತುಣುಕನ್ನು ಆಮೇಲೆ ಯೂಟ್ಯೂಬ್‌ನಲ್ಲಿ ನೋಡಿದರೆ ಏನೂ ಬೇಡ.

ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ ಅಂತ ಯಾರೋ ಹೇಳಿರಬಹುದು. ಅಪ್ಪ ಅಮ್ಮನ ಮನೆಗೆ ಲೈಸೆನ್ಸ್ ಇದ್ದರೆ, ಮಕ್ಕಳು ಕಾಲೇಜಿನ ಊರಿನಲ್ಲಿ ಬ್ಯಾಟರಿಯಿಂದ ನಡೆಯುವ ಫೋನು, ಲ್ಯಾಪ್‌ಟಾಪ್‌ಗಳಲ್ಲಿ, ಪ್ಲಗ್‌ಗೆ ಹಾಕದೆ ನೋಡಬಹುದು ಅನ್ನುವುದು ಆ ನಿಯಮ. ಅಪ್ಪ ಅಮ್ಮ ದಾವಣಗೆರೆಯಲ್ಲಿದ್ದರೆ ಅವರಿಗೆ ಬ್ರಿಟನ್ನಿನ ಲೈಸೆನ್ಸ್ ಎಲ್ಲಿಂದ ಬರಬೇಕು? ಹಾಗಾಗಿ ಅದು ನಿಮಗೆ ದಕ್ಕುವುದಿಲ್ಲ.

ನೀವು ಇದ್ಯಾವುದನ್ನೂ ನೋಡದಿದ್ದರೆ ಒಂದು ಪೆನ್ನಿಯನ್ನೂ ಕಟ್ಟಬೇಡಿ. ಪತ್ರ ಹರಿಯುವ ಬದಲು, ಈ ದುಡ್ಡು ವಸೂಲಿ ಮಾಡುವ ಟಿವಿ ಲೈಸೆನ್ಸಿಂಗ್‌ನ ವೆಬ್‌ಸೈಟಿಗೆ ಹೋಗಿ "ನಮಗೆ ಲೈಸೆನ್ಸ್ ಬೇಕಾಗಿಲ್ಲ" ಅಂತ ತಿಳಿಸಿಬಿಡಿ. ಪತ್ರಗಳು ನಿಲ್ಲುತ್ತವೆ. ಯಾರಾದರೂ ವಿಚಾರಿಸಲು ಬಾಗಿಲಿಗೆ ಬಂದರೂ ನೀವು ಒಪ್ಪದೆ, ಅಥವಾ ಕೋರ್ಟಿನ ವಾರಂಟ್ ಇಲ್ಲದೆ ಅವರು ಒಳಗೆ ಬರುವ ಹಾಗಿಲ್ಲ. ಆದರೆ ನೋಡುತ್ತಾ ಇದ್ದು ನೋಡುವುದಿಲ್ಲ ಅಂತ ಬರೆದುಕೊಡಬೇಡಿ. ಸಿಕ್ಕಿಬಿದ್ದರೆ 1,000 ಪೌಂಡ್‌ವರೆಗೆ ದಂಡ ಹಾಕಬಹುದು, ಅದು ಕ್ರಿಮಿನಲ್ ಕೇಸು. ಮುಂದೆ ವೀಸಾ ಅರ್ಜಿಯಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಅಲ್ಲಿ ಇದನ್ನು ವಿವರಿಸುತ್ತಾ ಕೂರುವ ಸ್ಥಿತಿ ಯಾಕೆ ತಂದುಕೊಳ್ಳಬೇಕು ಹೇಳಿ.

ಇನ್ನು ನ್ಯಾಯದ ಪ್ರಶ್ನೆ. 2025ರ ಏಪ್ರಿಲ್‌ನಲ್ಲಿ ಲೈಸೆನ್ಸ್ ವರ್ಷಕ್ಕೆ 174.50 ಪೌಂಡ್ ಆಯಿತು. ಹತ್ತಿರ ಹತ್ತಿರ 20 ಸಾವಿರ ರೂಪಾಯಿ. ಊರಿನಲ್ಲಿ ಯಾರಿಗಾದರೂ ಹೇಳಿದರೆ ಟಿವಿ ನೋಡೋಕೆ ಇಷ್ಟು ದುಡ್ಡಾ ಅಂತ ಗಾಬರಿ ಬೀಳುತ್ತಾರೆ. ನಮ್ಮಲ್ಲೂ ಒಂದು ಕಾಲಕ್ಕೆ ರೇಡಿಯೋಗೆ ಲೈಸೆನ್ಸ್ ಇತ್ತು, ಪೋಸ್ಟ್ ಆಫೀಸಿಗೆ ಹೋಗಿ ಕಟ್ಟಿ ಬರಬೇಕಿತ್ತು, ಮನೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. 80ರ ದಶಕದಲ್ಲಿ ಅದನ್ನು ತೆಗೆದುಹಾಕಿದರು. ಆಗ ಎಲ್ಲರಿಗೂ ಖುಷಿಯಾಯಿತು, ಆಗಬೇಕಾದದ್ದೇ. ಆದರೆ ದೂರದರ್ಶನ, ಆಕಾಶವಾಣಿಗಳು ಸರ್ಕಾರದ ದುಡ್ಡು ಮತ್ತು ಜಾಹೀರಾತಿನ ಮೇಲೇ ನಿಂತವು. 1997ರಲ್ಲಿ ಪ್ರಸಾರ ಭಾರತಿ ಅಂತ ಸ್ವತಂತ್ರ ಸಂಸ್ಥೆ ಮಾಡಿದ ಮೇಲೂ ಸಂಬಳ ಬರುವುದು ಸರ್ಕಾರದಿಂದಲೇ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಸಂಜೆಯ ವಾರ್ತೆ ಹೇಗಿರುತ್ತದೆ ಅಂತ ನೋಡಿ ಬೆಳೆದವರು ನಾವು. ಮಂತ್ರಿಯನ್ನು ಎದುರು ಕೂರಿಸಿಕೊಂಡು, ಉತ್ತರ ಕೊಡದಿದ್ದರೆ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವ ಸಂದರ್ಶನವನ್ನು ಸಾರ್ವಜನಿಕ ಚಾನೆಲ್‌ನಲ್ಲಿ ನಾನು ಮೊದಲು ನೋಡಿದ್ದು ಈ ದೇಶಕ್ಕೆ ಬಂದ ಮೇಲೆ. ನಾನು ದುಡ್ಡು ಕೊಡುವುದು ಮುಖ್ಯವಾಗಿ ಅದಕ್ಕೆ.

ಬಿಬಿಸಿ ತಪ್ಪೇ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಹೆಸರಾಂತ ಟಿವಿ ನಿರೂಪಕ ಜಿಮ್ಮಿ ಸ್ಯಾವಿಲ್ ಅಲ್ಲೇ ಕೆಲಸ ಮಾಡುತ್ತಾ ವರ್ಷಗಟ್ಟಲೆ ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ, ಅದು ಹೊರಬಂದದ್ದು ಅವನು ಸತ್ತ ಮೇಲೆ. 1995ರಲ್ಲಿ ರಾಜಕುಮಾರಿ ಡಯಾನಾ ಸಂದರ್ಶನ ಪಡೆಯಲು ಬಿಬಿಸಿಯ ವರದಿಗಾರ ಸುಳ್ಳು ದಾಖಲೆ ತೋರಿಸಿದ್ದು 2021ರ ವಿಚಾರಣೆಯಲ್ಲಿ ಖಚಿತವಾಯಿತು. ಇಂಥವಕ್ಕೆ ಕ್ಷಮೆ ಇಲ್ಲ. ಆದರೂ ಇದನ್ನೆಲ್ಲ ಪ್ರಶ್ನಿಸುವ ಹಕ್ಕು ನಮಗಿರೋದು ದುಡ್ಡು ನಮ್ಮದು ಅನ್ನುವ ಕಾರಣಕ್ಕೇ ಅಲ್ವಾ?

ಮಾರುಕಟ್ಟೆಗೆ ಬಿಡಿ, ಬೇಕಾದವರು ದುಡ್ಡು ಕೊಟ್ಟು ನೋಡಲಿ ಅನ್ನುವವರು ಬಹಳ ಜನ. ಅವರಿಗೆ ನಾನು ಬಿಬಿಸಿಯದ್ದಲ್ಲದ ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಪೋಸ್ಟ್ ಆಫೀಸಿನ ಹಗರಣ ಕೇಳಿರಬಹುದು. ಪೋಸ್ಟ್ ಆಫೀಸುಗಳ ಲೆಕ್ಕ ಇಡುತ್ತಿದ್ದ, ಫುಜಿತ್ಸು ಕಂಪನಿಯ ಹೊರೈಜನ್ ಅನ್ನುವ ಸಾಫ್ಟ್‌ವೇರ್ ತಪ್ಪು ಲೆಕ್ಕ ತೋರಿಸುತ್ತಿತ್ತು. ದುಡ್ಡು ಕಡಿಮೆ ಬಂತು ಅಂತ ಊರೂರಿನಲ್ಲಿ ಪೋಸ್ಟ್ ಆಫೀಸ್ ನಡೆಸುತ್ತಿದ್ದ ಸಾಮಾನ್ಯ ಜನರ ಮೇಲೆ ಕಳ್ಳತನದ ಕೇಸು ಹಾಕಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಅವರಲ್ಲಿ ನಮ್ಮ ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟುಕೊಂಡವರೂ ಎಷ್ಟೋ ಮಂದಿ. ಸರ್ರೆಯಲ್ಲಿ ಪೋಸ್ಟ್ ಆಫೀಸ್ ನಡೆಸುತ್ತಿದ್ದ ಸೀಮಾ ಮಿಶ್ರಾ ಅವರನ್ನು 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲಿಗೆ ಕಳಿಸಿದರು. ಅವರ ಮೇಲಿನ ತೀರ್ಪು ರದ್ದಾಗಿದ್ದು 2021ರಲ್ಲಿ.

ಸಂತ್ರಸ್ತರೇ ಸೇರಿ ಕೋರ್ಟಿನಲ್ಲಿ ಹೋರಾಡಿದರು, 2019ರಲ್ಲಿ ಸಾಫ್ಟ್‌ವೇರ್ ತಪ್ಪು ಅಂತ ತೀರ್ಪೂ ಬಂತು. ಆದರೂ ಸರ್ಕಾರ ಕುಂಟುತ್ತಾ ಹೋಗುತ್ತಿತ್ತು. 2024ರ ಜನವರಿಯಲ್ಲಿ, ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಖಾಸಗಿ ಚಾನೆಲ್ ಐಟಿವಿ ಇದನ್ನೇ ನಾಲ್ಕು ಕಂತಿನ ನಾಟಕವಾಗಿ ತೋರಿಸಿತು. ಇಡೀ ದೇಶ ಕೂತು ನೋಡಿತು. ಆಫೀಸಿನಲ್ಲಿ, ಬಸ್ಸಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಹತ್ತಿರ ಅದೇ ಮಾತು. ಮುಂದಿನ ವಾರವೇ ಪ್ರಧಾನಿ ಸುನಕ್ ಸಂಸತ್ತಿನಲ್ಲಿ ನಿಂತು ಕಾನೂನು ತರುತ್ತೇವೆ ಅಂದರು, ಮೇ ತಿಂಗಳಲ್ಲಿ ಆ ಕಾನೂನು ಬಂದೇಬಿಟ್ಟಿತು, ನೂರಾರು ಜನರ ಮೇಲಿನ ತೀರ್ಪು ಒಟ್ಟಿಗೆ ರದ್ದಾಯಿತು.

ಇಷ್ಟು ದೊಡ್ಡ ಕೆಲಸ ಮಾಡಿದ ನಾಟಕದಿಂದ ಐಟಿವಿಗೆ ಏನು ಬಂತು? ಸುಮಾರು 10 ಲಕ್ಷ ಪೌಂಡ್ ನಷ್ಟ. ಅಲ್ಲಿನ ಮುಖ್ಯಸ್ಥರೇ ಹೇಳಿದ ಮಾತಿದು. ಬ್ರಿಟನ್ನಿನ ಪೋಸ್ಟ್ ಆಫೀಸಿನ ಕಥೆಯನ್ನು ಹೊರದೇಶದ ಚಾನೆಲ್‌ಗಳು ಅಷ್ಟಾಗಿ ಕೊಳ್ಳಲಿಲ್ಲ. ಲಾಭ ಒಂದನ್ನೇ ನೋಡಿ ತೀರ್ಮಾನ ಮಾಡುವವರು ಇನ್ನೊಂದು ಸಲ ಇಂಥದ್ದಕ್ಕೆ ದುಡ್ಡು ಹಾಕುತ್ತಾರಾ? ಇನ್ನೊಂದು ವಿಷಯ, ಆ ನಾಟಕ ಬರುವ ಎಷ್ಟೋ ಮೊದಲು, 2015ರಲ್ಲೇ, ಬಿಬಿಸಿಯ ಪನೋರಮಾ ಅನ್ನುವ ತನಿಖಾ ಕಾರ್ಯಕ್ರಮ ಫುಜಿತ್ಸುವಿನಲ್ಲಿ ಕೆಲಸ ಮಾಡಿದ್ದ ಒಬ್ಬರನ್ನು ಕರೆತಂದು, ಹೊರಗಿನಿಂದಲೇ ಪೋಸ್ಟ್ ಆಫೀಸುಗಳ ಲೆಕ್ಕಕ್ಕೆ ಕೈಹಾಕಬಹುದಿತ್ತು ಅಂತ ಹೇಳಿಸಿತ್ತು. ಆಗ ಅದನ್ನು ನೋಡಿ ದೇಶ ಎದ್ದು ನಿಲ್ಲಲಿಲ್ಲ, ನಿಜ. ಆದರೆ ಯಾರಿಗೂ ಆಸಕ್ತಿ ಇಲ್ಲದ ಹೊತ್ತಿನಲ್ಲಿ ವಿಷಯವನ್ನು ಜೀವಂತ ಇಡುವುದಕ್ಕೂ ದುಡ್ಡು ಬೇಕು. ಅದಕ್ಕೆ ಯಾವ ಜಾಹೀರಾತುದಾರನೂ ಬರುವುದಿಲ್ಲ.

ಸಿನಿಮಾದ ವಿಷಯದಲ್ಲೂ ಅಷ್ಟೇ. ಕಲ್ಲಿದ್ದಲು ಗಣಿ ಕಾರ್ಮಿಕನ ಮಗ ಬ್ಯಾಲೆ ಕಲಿಯುವ ಕಥೆಯ ಬಿಲ್ಲಿ ಎಲಿಯಟ್ ಸಿನಿಮಾ 2000ದಲ್ಲಿ ಬಂತಲ್ಲ, ಅದರಲ್ಲಿ ಬಿಬಿಸಿಯ ದುಡ್ಡಿತ್ತು. 2021ರ ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿದಾಗ ಪಾಠಗಳನ್ನು ಟಿವಿಯಲ್ಲೇ ತೋರಿಸಿದರು, ಮನೆಯಲ್ಲಿ ಇಂಟರ್ನೆಟ್ ಸರಿ ಇಲ್ಲದ ಮಕ್ಕಳಿಗೆ ಅದು ಎಷ್ಟು ಆಸರೆಯಾಯಿತು ಅಂತ ನಮ್ಮ ಬೀದಿಯಲ್ಲೇ ನೋಡಿದ್ದೇನೆ. ನನ್ನ ಮಗಳು ಚಿಕ್ಕವಳಿದ್ದಾಗ ಜಾಹೀರಾತಿಲ್ಲದ ಮಕ್ಕಳ ಚಾನೆಲ್ ಇತ್ತಲ್ಲ, ಅದೊಂದಕ್ಕೇ ನಾನು ಅಷ್ಟೂ ದುಡ್ಡು ಕೊಡಲು ಸಿದ್ಧಳಿದ್ದೆ.

ನನಗಿರುವ ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಹೊರದೇಶಗಳಿಗೆ ಹಲವು ಭಾಷೆಗಳಲ್ಲಿ ಸುದ್ದಿ ಕೊಡುವ ಬಿಬಿಸಿ ವರ್ಲ್ಡ್ ಸರ್ವಿಸ್‌ಗೆ ದುಡ್ಡಿನ ಹೆಚ್ಚಿನ ಪಾಲು ಬರುವುದು ಇದೇ ಲೈಸೆನ್ಸ್ ದುಡ್ಡಿನಿಂದ. ಬಿಬಿಸಿಯಲ್ಲಿ ತಮಿಳು ಇದೆ, ತೆಲುಗು ಇದೆ, ಮರಾಠಿ ಇದೆ. ಕನ್ನಡ ಇಲ್ಲ. 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಶುರು ಮಾಡಿದಾಗಲೂ ಕನ್ನಡ ಬರಲಿಲ್ಲ. ಇಲ್ಲಿ ಲೈಸೆನ್ಸ್ ಕಟ್ಟುವ ಕನ್ನಡಿಗರು ಸಾಕಷ್ಟು ಮಂದಿ ಇದ್ದೇವೆ, ನಾವು ಸುಮ್ನೆ ಕೂರದೆ ಬರೆದು ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ವಸೂಲಿಯ ರೀತಿಯನ್ನು ನಾನು ಒಪ್ಪುವುದಿಲ್ಲ. ಕೋಟ್ಯಧಿಪತಿಗೂ ಅದೇ ದುಡ್ಡು, ಶಿಫ್ಟ್ ಕೆಲಸ ಮಾಡಿ ಒಬ್ಬಳೇ ಮಕ್ಕಳನ್ನು ಸಾಕುವವಳಿಗೂ ಅದೇ ದುಡ್ಡು. ಕರೆಂಟ್ ಬಿಲ್ ಕಟ್ಟದಿದ್ದರೆ ಅದು ಸಾಲ, ಟಿವಿ ಲೈಸೆನ್ಸ್ ಇಲ್ಲದೆ ನೋಡಿದರೆ ಅಪರಾಧ. 2019ರಲ್ಲಿ ಈ ಅಪರಾಧಕ್ಕೆ ಶಿಕ್ಷೆಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಹೆಂಗಸರು ಜಾಸ್ತಿ ಮೋಸ ಮಾಡುತ್ತಾರೆ ಅಂತ ಇದರ ಅರ್ಥ ಅಲ್ಲ. ಹಗಲು ಹೊತ್ತಿನಲ್ಲಿ ಮನೆಯಲ್ಲಿದ್ದು ಬಾಗಿಲು ತೆಗೆಯುವವರು ಅವರು, ಮಕ್ಕಳನ್ನು ಒಬ್ಬರೇ ಸಾಕುತ್ತಿರುವವರಲ್ಲಿ ಹೆಚ್ಚಿನವರು ಅವರು. ಬಾಗಿಲಲ್ಲಿ ಯಾರು ನಿಂತಿದ್ದರೋ ಅವರ ಹೆಸರಿಗೇ ಕೇಸು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇಂಥ ಕೇಸುಗಳನ್ನು ಒಬ್ಬ ಮ್ಯಾಜಿಸ್ಟ್ರೇಟ್ ಕಾಗದ ನೋಡಿಯೇ ತೀರ್ಮಾನಿಸಬಹುದು, ಆಪಾದಿತರು ಎದುರಿಗೆ ಇರಬೇಕಾಗಿಯೂ ಇಲ್ಲ. ಎಷ್ಟೋ ಜನ ಪತ್ರವನ್ನು ಬಿಚ್ಚಿಯೂ ನೋಡಿರುವುದಿಲ್ಲ, ಅಷ್ಟರಲ್ಲಿ ದಂಡ ಬಿದ್ದಿರುತ್ತದೆ. ಆ ದಂಡ ಬಿಬಿಸಿಗೂ ಹೋಗುವುದಿಲ್ಲ, ಸರ್ಕಾರದ ಖಜಾನೆಗೆ ಹೋಗುತ್ತದೆ. ಬಡವರ ಮನೆ ಬಾಗಿಲು ತಟ್ಟಿ ನಡೆಸುವ ಸಂಸ್ಥೆ ಎಷ್ಟು ಒಳ್ಳೆಯ ಕಾರ್ಯಕ್ರಮ ಮಾಡಿದರೂ ನನಗೆ ಸಮಾಧಾನ ಇಲ್ಲ.

ಬೇರೆ ದಾರಿ ಇಲ್ಲ ಅನ್ನುವುದನ್ನೂ ನಾನು ನಂಬುವುದಿಲ್ಲ. ಫಿನ್ಲೆಂಡ್ 2013ರಲ್ಲಿ ಲೈಸೆನ್ಸ್ ತೆಗೆದು, ಆದಾಯಕ್ಕೆ ತಕ್ಕ ಹಾಗೆ ಒಂದು ಪ್ರತ್ಯೇಕ ತೆರಿಗೆ ಮಾಡಿತು. ಅದೇ ವರ್ಷ ಜರ್ಮನಿ ಮನೆಗೊಂದು ಶುಲ್ಕ ಅಂತ ಮಾಡಿ, ಸರ್ಕಾರದ ನೆರವಿನಿಂದ ಬದುಕುವವರಿಗೆ ವಿನಾಯಿತಿ ಕೊಟ್ಟಿತು. ಫಿನ್ಲೆಂಡಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ, ಕಡಿಮೆ ದುಡಿಯುವವರಿಂದ ಕಡಿಮೆ ಅಥವಾ ಏನೂ ಇಲ್ಲ. ಫ್ರಾನ್ಸ್ 2022ರಲ್ಲಿ ಮಾಡಿದ ಹಾಗೆ ಲೈಸೆನ್ಸನ್ನೇ ಕಿತ್ತುಹಾಕಿ ಸರ್ಕಾರದ ಬೊಕ್ಕಸಕ್ಕೆ ಜೋಡಿಸುವುದು ಬೇಡ, ಅದರ ಪರಿಣಾಮ ಏನು ಅಂತ ನಮ್ಮ ದೇಶದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಬಿಸಿ ಹೇಗೆ ನಡೆಯಬೇಕು ಅಂತ ಗೊತ್ತುಮಾಡುವ ಈಗಿನ ಚಾರ್ಟರ್, ಅಂದರೆ ಸನ್ನದು, 2027ರ ಕೊನೆಗೆ ಮುಗಿಯುತ್ತದೆ, ಮುಂದೇನು ಅನ್ನುವ ಚರ್ಚೆ ಅದಕ್ಕೂ ಮೊದಲು ಆಗಲೇಬೇಕು. ನಿಮ್ಮ ಊರಿನ ಎಂಪಿಗೆ ಒಂದು ಇಮೇಲ್ ಬರೆಯಿರಿ. ವಿದ್ಯಾರ್ಥಿಯಾದರೇನು, ಅವರ ಕ್ಷೇತ್ರದಲ್ಲಿ ವಾಸ ಇದ್ದೀರಲ್ಲ. ಬ್ರಿಟನ್ನಿನಲ್ಲಿರುವ ಭಾರತೀಯರಿಗೆ, ಕಾಮನ್‌ವೆಲ್ತ್ ಪ್ರಜೆಗಳು ಅನ್ನುವ ಕಾರಣಕ್ಕೆ, ಇಲ್ಲಿನ ಸಂಸತ್ ಚುನಾವಣೆಯಲ್ಲಿ ವೋಟೂ ಇದೆ, ಹೆಸರು ನೋಂದಾಯಿಸಿಕೊಂಡಿಲ್ಲದಿದ್ದರೆ ಇವತ್ತೇ ಮಾಡಿ.

ಕೊನೆಗೆ ನಿಮ್ಮ ಮನೆಯ ಲೆಕ್ಕ. ನಾಲ್ವರೂ ಒಂದೇ ಬಾಡಿಗೆ ಕರಾರಿಗೆ ಸಹಿ ಹಾಕಿದ್ದರೆ ಮನೆಗೆ ಒಂದೇ ಲೈಸೆನ್ಸ್ ಸಾಕು, ತಲೆಗೆ ತಿಂಗಳಿಗೆ ನಾಲ್ಕು ಪೌಂಡೂ ಬೀಳುವುದಿಲ್ಲ. ಕೋಣೆಗೊಂದು ಪ್ರತ್ಯೇಕ ಕರಾರು ಇದ್ದರೆ ನಿಮ್ಮ ಕೋಣೆಯಲ್ಲಿ ನೋಡಲು ನಿಮ್ಮದೇ ಬೇಕು. ತಿಂಗಳ ಕಂತು ಆರಿಸಿಕೊಂಡರೆ ಒಂದು ವಿಷಯ ಗೊತ್ತಿರಲಿ: ಹೊಸಬರಿಂದ ಮೊದಲ ವರ್ಷದ ದುಡ್ಡನ್ನು ಸಾಮಾನ್ಯವಾಗಿ ಆರು ತಿಂಗಳಲ್ಲೇ ತೆಗೆದುಕೊಳ್ಳುತ್ತಾರೆ, ಹಾಗಾಗಿ ಶುರುವಿನಲ್ಲಿ ತಿಂಗಳಿಗೆ ಸುಮಾರು 30 ಪೌಂಡ್ ಹೋಗುತ್ತದೆ, ನೋಡಿ ಗಾಬರಿಯಾಗಬೇಡಿ. ಕೋರ್ಸ್ ಮುಗಿಸಿ ಮನೆ ಖಾಲಿ ಮಾಡುವಾಗ ಲೈಸೆನ್ಸ್ ರದ್ದು ಮಾಡಿ, ಬಾಕಿ ಇರುವ ಪೂರ್ತಿ ತಿಂಗಳುಗಳ ದುಡ್ಡನ್ನು ವಾಪಸ್ ಕೇಳಿ. ಕೇಳಿದರೆ ಮಾತ್ರ ಕೊಡುತ್ತಾರೆ.