ದುಡ್ಡು ಕೊಟ್ಟವರಿಗೇ ಬೀಗ ಯಾಕೆ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆಯುತ್ತಾರೆ: "ದುಡ್ಡು ಕೊಟ್ಟು ಇ-ಪುಸ್ತಕ ಕೊಂಡೆ. ಚಿತ್ರದುರ್ಗದಲ್ಲಿರುವ ಅಣ್ಣನಿಗೆ ಕಣ್ಣು ಮಂಜಾಗಿದೆ. ಅವರ ಫೋನಿಗೆ ಕಳಿಸಿದರೆ ತೆರೆಯಲೇ ಇಲ್ಲ. ನನ್ನ ಫೋನಿನಲ್ಲಿ ಗಟ್ಟಿಯಾಗಿ ಓದಿಸೋಣ ಅಂದರೆ ಅದಕ್ಕೂ ಅವಕಾಶವಿಲ್ಲ. ಲೇಖಕರ ಹಿತಕ್ಕೆ ಇಷ್ಟು ಬಿಗಿ ಬೇಕಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ಬೇಡ ಅನ್ನುವುದೇ ನನ್ನ ಉತ್ತರ.

ಪ್ರಕಾಶಕರ ಭಯ ಸುಳ್ಳಲ್ಲ. ಕನ್ನಡ ಪುಸ್ತಕ ಹೊರಬಂದ ಬೆನ್ನಲ್ಲೇ ಅದರ ಪಿಡಿಎಫ್ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಸಣ್ಣ ಪ್ರಕಾಶಕರಿಗೆ ಅದು ದೊಡ್ಡ ಪೆಟ್ಟು. ಆದರೆ ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡುವವನನ್ನು ನಕಲು ಮಾಡದಂತೆ ಇ-ಪುಸ್ತಕಕ್ಕೆ ಹಾಕುವ ಡಿಜಿಟಲ್ ಬೀಗ ಹೇಗೆ ತಡೆದೀತು? ಕದ್ದ ಪ್ರತಿ ಯಾವ ಫೋನಿನಲ್ಲಾದರೂ ತೆರೆಯುತ್ತದೆ. ಕೊಂಡ ಪ್ರತಿ ನಿಮ್ಮ ಖಾತೆಗೆ, ಒಂದು ಆ್ಯಪ್‌ಗೆ ಅಂಟಿಕೊಂಡಿರುತ್ತದೆ.

ಅಂಗಡಿ ಮುಚ್ಚಿದರಂತೂ ಮುಗಿಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಹೋದವು. ಹಣ ವಾಪಸ್ ಬಂತು, ಪುಸ್ತಕ ಬರಲಿಲ್ಲ. ಅತ್ತ ಅಮೆರಿಕದ ಟಾರ್ ಪ್ರಕಾಶನ 2012ರಲ್ಲಿ ಬೀಗವನ್ನೇ ತೆಗೆದುಹಾಕಿತು. ಕಳ್ಳಪ್ರತಿಗಳು ಜಾಸ್ತಿಯಾದದ್ದು ಕಾಣಲಿಲ್ಲ ಎಂದು ಮರುವರ್ಷ ಅದರ ಬ್ರಿಟನ್ ಶಾಖೆಯವರೇ ಹೇಳಿದರು.

ನಿಮ್ಮ ಅಣ್ಣನವರ ವಿಷಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ನಮ್ಮ ಕಾನೂನು ಅವರ ಕಡೆಗೇ ಇದೆ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೆ ಒಂದು ಮಾತು ಸೇರಿತು: ಅಂಗವೈಕಲ್ಯ ಇರುವವರಿಗೆ ಓದಲು, ಕೇಳಲು ಆಗುವ ರೂಪದಲ್ಲಿ ಪ್ರತಿ ಮಾಡಿಕೊಳ್ಳಬಹುದು, ಲಾಭಕ್ಕಾಗಿ ಅಲ್ಲದಿದ್ದರೆ ಸಾಕು. ಅಂಧ ಓದುಗರಿಗಾಗಿ ಆದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ.

ಅದೇ ತಿದ್ದುಪಡಿಯಲ್ಲಿ 65ಎ ಕಲಮೂ ಬಂತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಮುರಿದರೆ ತಪ್ಪಲ್ಲ. ಆದರೆ ಹಾಗೆ ಮುರಿಯಲು ನೆರವಾದವರು, ನೆರವು ಪಡೆದವರ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ದಾಖಲೆ ಮಾಡಿಡಬೇಕು. ನಮ್ಮೂರಿನ ಯಾವ ಮೊಬೈಲ್ ಅಂಗಡಿಯವರು ಈ ತಲೆನೋವು ಹಚ್ಚಿಕೊಳ್ಳುತ್ತಾರೆ ಹೇಳಿ? ಹಕ್ಕು ಕಾಗದದಲ್ಲಿದೆ, ಕೈಗೆ ಸಿಗುತ್ತಿಲ್ಲ.

ನಮ್ಮ ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟೇ. ಬೀಗ ಬಿಡಿ, ಪ್ರತಿ ಪುಟದಲ್ಲೂ ಕೊಂಡವರ ಹೆಸರು ಮುದ್ರಿಸಿ. ತನ್ನ ಹೆಸರಿರುವ ಪ್ರತಿಯನ್ನು ಸುಮ್ನೆ ಊರಿಗೆಲ್ಲ ಹಂಚಲು ಯಾರಾದರೂ ಹಿಂದೆಮುಂದೆ ನೋಡುತ್ತಾರೆ ಅಲ್ವಾ? ಬೀಗ ಹಾಕಲೇಬೇಕು ಅನ್ನುವವರು ಕನಿಷ್ಠ ಗಟ್ಟಿಯಾಗಿ ಓದಿಸುವ ಸೌಲಭ್ಯವನ್ನಾದರೂ ಮುಚ್ಚಬೇಡಿ.

ಮೇಷ್ಟ್ರೇ, ಸದ್ಯಕ್ಕೆ ನೀವು ಪ್ರಕಾಶಕರಿಗೇ ನೇರವಾಗಿ ಬರೆಯಿರಿ. ಬಿಲ್ಲಿನ ಪ್ರತಿ ಇಡಿ, 52ನೇ ಕಲಮನ್ನು ಹೆಸರಿಸಿ, ಬೀಗವಿಲ್ಲದ ಪ್ರತಿ ಕೇಳಿ. ಅಚ್ಚಾದ ಪುಸ್ತಕ ಓದಲಾಗದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲಿ ಅಣ್ಣನವರ ಹೆಸರು ನೋಂದಾಯಿಸಲು ಆಗುತ್ತದೆಯೇ ಅಂತಲೂ ವಿಚಾರಿಸಿ. ಪ್ರಕಾಶಕರ ಉತ್ತರ ಬಂದರೆ ನಮಗೂ ಕಳಿಸಿ, ಪತ್ರಿಕೆಯಲ್ಲಿ ಹಾಕುತ್ತೇವೆ.