ಈಶ್ವರಿ ಬಳ್ಳಿಯ ಹುಳುವೆಲ್ಲ ಬರ್ಡ್‌ವಿಂಗ್ ಅಲ್ಲ

ಪ್ರಶ್ನೆ: ನಮ್ಮ ಮಲೆನಾಡಿನ ತೋಟಕ್ಕೆ ಅಂಗೈಗಿಂತ ದೊಡ್ಡ ಕಪ್ಪು-ಹಳದಿ ಚಿಟ್ಟೆ ಬರುತ್ತದೆ. ಸದರ್ನ್ ಬರ್ಡ್‌ವಿಂಗ್ ಇರಬಹುದೆಂದು ಈಶ್ವರಿ ಬಳ್ಳಿ ನೆಟ್ಟೆವು. ಕೆಂಗಪ್ಪು ಹುಳುಗಳು ಬಳ್ಳಿಯನ್ನು ಬೋಳು ಮಾಡಿದವು, ಆದರೆ ಕೊನೆಗೆ ಹೊರಬಂದದ್ದು ಸಣ್ಣ ಚಿಟ್ಟೆ. ಎಲ್ಲಿ ತಪ್ಪಾಯಿತು?

ಉತ್ತರ: ತಪ್ಪೇನೂ ಆಗಿಲ್ಲ. ನೀವು ಸಾಕಿದ್ದು ಬಹುಶಃ ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್ ಎಂಬ ಚಿಟ್ಟೆ. ಬರ್ಡ್‌ವಿಂಗ್‌ನಂತೆ ಇವೂ ಇದೇ ಬಳ್ಳಿಯನ್ನು ತಿಂದು ಬೆಳೆಯುತ್ತವೆ.

ತೋಟಕ್ಕೆ ಬರುವ ದೊಡ್ಡ ಚಿಟ್ಟೆಯ ಬಗ್ಗೆ ನಿಮ್ಮ ಊಹೆ ಸರಿಯಿರಬಹುದು. ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ರೆಕ್ಕೆ ಹರವು 14ರಿಂದ 19 ಸೆಂ.ಮೀ. ದೇಶದ ಅತಿ ದೊಡ್ಡ ಚಿಟ್ಟೆ ಎಂಬ ಪಟ್ಟ ಬಹುಕಾಲ ಇದರದ್ದೇ ಆಗಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿ.ಮೀ. ಅಳತೆಯೊಂದಿಗೆ ಅದನ್ನು ಕಸಿದುಕೊಂಡಿತು, ಅದೂ ಬರೀ ನಾಲ್ಕು ಮಿ.ಮೀ. ಅಂತರದಲ್ಲಿ! ಗಂಡಿನ ಹಿಂರೆಕ್ಕೆ ಚಿನ್ನದ ಹಳದಿ, ಕಪ್ಪು ಇರುವುದು ಮುಖ್ಯವಾಗಿ ಅಂಚಿನಲ್ಲಿ. ಹೆಣ್ಣು ಇನ್ನೂ ದೊಡ್ಡದು, ಅದರ ಹಳದಿಯ ನಡುವೆಯೂ ದಪ್ಪ ಕಪ್ಪು ಮಚ್ಚೆಗಳ ಸಾಲಿರುತ್ತದೆ. ಕಾಡಿನಲ್ಲಿ ಇವು ಮರಗಳ ನೆತ್ತಿಯ ಮೇಲೆ ತೇಲುತ್ತ ಹಾರುತ್ತವೆ. ಮಕರಂದಕ್ಕೆಂದು ಕೇಪಳ, ರಥಪುಷ್ಪ, ಬೆಳ್ಳಟ್ಟಿ, ಲಂಟಾನದ ಎತ್ತರಕ್ಕೆ ಇಳಿದು ಬಂದಾಗಲೇ ನೋಡಲು ಅನುಕೂಲ. ಹೂ ಹೀರುವಾಗಲೂ ಮುಂರೆಕ್ಕೆ ಬಡಿಯುತ್ತಲೇ ಇರುವುದರಿಂದ ಫೋಟೊ ಮಸುಕಾಗುವುದು ಸಹಜ.

ಇನ್ನು ಹುಳು. ಮೂರರ ಮೈಮೇಲೂ ಮೆತ್ತನೆಯ ಮುಳ್ಳಿನಂಥ ಗುಬುಟುಗಳಿರುತ್ತವೆ, ಮೂರನ್ನೂ ಕೆಣಕಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಗ್ರಂಥಿ ಹೊರಚಾಚುತ್ತದೆ. ಹಾಗಾಗಿ ಬಣ್ಣವನ್ನು ನಂಬಬೇಡಿ, ಮೈನಡುವಿನ ಬಿಳಿ ಪಟ್ಟೆ ನೋಡಿ. ಕಾಮನ್ ರೋಸ್ ಮರಿಯಲ್ಲಿ ಅದು ಮೈಸುತ್ತ ಕಟ್ಟಿದಂತಿರುತ್ತದೆ. ಬರ್ಡ್‌ವಿಂಗ್‌ನಲ್ಲಿ ನಸುಗೆಂಪು ಬೆರೆತ ಅಗಲ ಪಟ್ಟೆ ಪಕ್ಕಕ್ಕೆ ಓರೆಯಾಗಿ ಇಳಿದಿರುತ್ತದೆ. ಬಲಿತ ಹುಳುವಾದರೆ ಗಾತ್ರವೇ ಹೇಳಿಬಿಡುತ್ತದೆ, ಬರ್ಡ್‌ವಿಂಗ್ ಮರಿ ಬೆರಳಿನಷ್ಟು ದಪ್ಪ.

ಬಳ್ಳಿ ಬೋಳಾದದ್ದೇ ನಿಜವಾದ ತೊಡಕು. ಈಶ್ವರಿ ಬಳ್ಳಿ ತೆಳು, ಎಲೆ ಕಡಿಮೆ. ಒಂದು ಬರ್ಡ್‌ವಿಂಗ್ ಹುಳುವೇ ಎಲೆ ಮುಗಿಸಿ ಎಳೆ ಕಾಂಡಕ್ಕೂ ಬಾಯಿ ಹಾಕುತ್ತದೆ. ಒಂದು ಗಿಡ ಸಾಲದು, ಐದಾರು ಗಿಡಗಳನ್ನು ಅರೆನೆರಳಿನಲ್ಲಿ, ನೀರು ನಿಲ್ಲದ ಕಡೆ ನೆಡಿ. ಒಂದು ವರ್ಷ ಬೇರು ಬಲಿಯಲು ಬಿಡಿ. ಅಷ್ಟರಲ್ಲಿ ಹುಳು ಹೆಚ್ಚಾದರೆ ಕೊಲ್ಲದೆ ಬೇರೆ ಗಿಡಕ್ಕೆ ಹಂಚಿ. ತೋಟಕ್ಕೆ ಕೀಟನಾಶಕ ಹೊಡೆಯುವವರು ಬಳ್ಳಿಯನ್ನು ಅದರಿಂದ ದೂರ ಇಡಬೇಕು.

ನರ್ಸರಿಯಲ್ಲಿ ಸಿಗುವ, ಬಾತುಕೋಳಿಯಾಕಾರದ ದೊಡ್ಡ ಹೂವಿನ ವಿದೇಶಿ ಅರಿಸ್ಟೊಲೋಕಿಯಾ (ಈಶ್ವರಿ ಬಳ್ಳಿಯದೇ ಕುಲದ ಬಳ್ಳಿ) ಮಾತ್ರ ಬೇಡ. ಅಂಥದ್ದೇ ಒಂದು ಅಲಂಕಾರದ ಬಳ್ಳಿಯ ಮೇಲೆ ಆಸ್ಟ್ರೇಲಿಯಾದ ರಿಚ್‌ಮಂಡ್ ಬರ್ಡ್‌ವಿಂಗ್ ಮೊಟ್ಟೆಯಿಟ್ಟು, ಎಲೆ ತಿಂದ ಮರಿಗಳೆಲ್ಲ ಸಾಯುತ್ತವೆ. ವಾಸನೆ ಒಂದೇ ಕುಲದ್ದು, ಹೆಣ್ಣು ಮೋಸಹೋಗುತ್ತದೆ.

ಬಲಿತ ಹುಳು ಒಮ್ಮೆಲೆ ಕಾಣೆಯಾದರೆ ಹಕ್ಕಿ ತಿಂದಿತೆಂದು ಕೊರಗಬೇಡಿ. ಕೋಶವಾಗಲು ಅದು ಬಳ್ಳಿ ಬಿಟ್ಟು ಹರಿದುಹೋಗುತ್ತದೆ. ಒಣಗಿದ ಎಲೆಯಂಥ ಕೋಶ ಪಕ್ಕದ ಗಿಡದಲ್ಲಿ, ಸೊಂಟಕ್ಕೆ ರೇಷ್ಮೆ ದಾರ ಬಿಗಿದು ನಿಂತಿರುತ್ತದೆ. ಮುಟ್ಟಿದರೆ ಬುಸ್ಸೆನ್ನುವುದೂ ಉಂಟು. ಅದನ್ನು ಬಾಟಲಿಯೊಳಗೆ ತಂದಿಡುವುದು ಕೆಡುಕು: ಹೊರಬಂದ ಚಿಟ್ಟೆಗೆ ರೆಕ್ಕೆ ಇಳಿಬಿಟ್ಟು ಹಿಗ್ಗಿಸಲು ಕನಿಷ್ಠ ಒಂದು ಗೇಣು ಜಾಗ ಬೇಕು, ಸಿಗದಿದ್ದರೆ ರೆಕ್ಕೆ ಮುದುಡಿದಂತೆಯೇ ಗಟ್ಟಿಯಾಗುತ್ತದೆ.

ಒಂದು ಎಚ್ಚರಿಕೆ. ಈ ಬಳ್ಳಿಯಲ್ಲಿರುವ, ಹುಳುವನ್ನು ಹಕ್ಕಿಗಳಿಂದ ಕಾಯುವ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷ ಮನುಷ್ಯರ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ, ಕ್ಯಾನ್ಸರ್‌ಗೂ ಕಾರಣ. ನೆಟ್ಟ ಬಳ್ಳಿಯ ಬೇರನ್ನು ಹಾವು ಕಚ್ಚಿದಾಗಿನ ಮದ್ದೆಂದು ಯಾರಿಗೂ ಅರೆದು ಕುಡಿಸಬೇಡಿ.